ಸಹಿಯ ಕೆಳಗಿನ ಗೆರೆ

ನಮ್ಮವರ ಸಹಿಯನ್ನು ನಾನು ಅವರಿಗಿಂತ ಚೆನ್ನಾಗಿ ಹಾಕುತ್ತೇನೆ. ಜಂಬಕ್ಕೆ ಹೇಳುತ್ತಿಲ್ಲ. ಅವರು ಹಾಕುತ್ತಿದ್ದಾಗ ದಿನಕ್ಕೊಂದು ತರ ಇರುತ್ತಿತ್ತು. ಮನಸ್ಸು ಸರಿಯಿದ್ದರೆ ಅಕ್ಷರ ದುಂಡಗೆ, ಯಾರಾದರೂ ವಿಮರ್ಶಕ ಕುಟುಕಿದ್ದ ವಾರ ಅಕ್ಷರವೂ ಸೊಟ್ಟಗೆ. ನಾನು ಹಾಕುವುದು ಮೂರು ವರ್ಷದಿಂದ ಒಂದೇ ತರ. ಮೊದಲಕ್ಷರದ ತಲೆ ದೊಡ್ಡದಿರಬೇಕು, ಕೊನೆಯಕ್ಷರದ ಬಾಲ ಎದ್ದು ನಿಲ್ಲಬೇಕು, ಕೆಳಗೆ ಈ ತುದಿಯಿಂದ ಆ ತುದಿಗೆ ಒಂದು ಗೆರೆ, ಅದರ ಬಲತುದಿ ಸ್ವಲ್ಪ ಮೇಲೆದ್ದಿರಬೇಕು. ಹಳೆಯ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಎರಡು ವಾರ ಅಭ್ಯಾಸ ಮಾಡಿದೆ. ಬ್ಯಾಂಕಿನ ಕಾಗದಗಳಲ್ಲಿ ಅವರು ಗೆರೆ ಎಳೆಯುತ್ತಿರಲಿಲ್ಲ. ಗೆರೆ ಓದುಗರಿಗೆ ಮಾತ್ರ.

ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದವರು ಬಚ್ಚಲಲ್ಲೇ ಕುಸಿದರು. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋದವು. ಎಡಗೈ ಉಳಿಯಿತು, ಅದೂ ಚಮಚ ಹಿಡಿಯುವ ಮಟ್ಟಿಗೆ. ನಲವತ್ತು ವರ್ಷ ಮಾತಾಡಿ ಮಾತಾಡಿ ನನ್ನ ತಲೆ ತಿಂದ ಮನುಷ್ಯನಿಗೆ ‘ಆ’ ಅನ್ನುವುದೊಂದೇ ಉಳಿಯಿತು. ಬುದ್ಧಿ ಮಾತ್ರ ನೆಟ್ಟಗಿತ್ತು. ಅದು ಒಳ್ಳೆಯದೋ ಕೆಟ್ಟದ್ದೋ ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ.

ಪ್ರಕಾಶಕರು ನೋಡಲು ಬಂದರು. ಹಾಸಿಗೆಯ ಪಕ್ಕ ಕೂತು ನಿಜವಾಗಿಯೇ ಅತ್ತರು. ಕರ್ಚೀಫು ಮಡಚಿ ಜೇಬಿಗಿಟ್ಟ ಮೇಲೆ ನನ್ನನ್ನು ಅಡುಗೆಮನೆಗೆ ಕರೆದರು.

“ಅಕ್ಕಾ, ಈ ವಿಷಯ ಸದ್ಯಕ್ಕೆ ಹೊರಗೆ ಹೋಗೋದು ಬೇಡ. ಸರ್ ಪುಸ್ತಕ ಅಷ್ಟನ್ನೂ ಇ-ಪುಸ್ತಕ ಮಾಡ್ತಿದೀವಿ. ಓದೋರು ಹೆಸರು ಕೊಟ್ಟು ಹಸ್ತಾಕ್ಷರ ಕೇಳಬಹುದು, ಸರ್ ಮನೆಯಿಂದ್ಲೇ ಬರೆದು ಕಳಿಸ್ತಾರೆ ಅಂತ ಎಲ್ಲಾ ಕಡೆ ಹೇಳಿಬಿಟ್ಟಿದೀವಿ.”

“ಯಾವುದ್ರಲ್ಲಿ ಬರೀತಾರೆ? ಕಾಲಲ್ಲಾ?”

“ಸರ್ ಕೈಬರಹ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಹೇಳಿ.”

ಅಲ್ಲೇ ಬಾಗಿಲು ತೋರಿಸಬೇಕಿತ್ತು. ತೋರಿಸಲಿಲ್ಲ. ಅವರ ಹಸ್ತಪ್ರತಿಗಳನ್ನೆಲ್ಲ ಟೈಪು ಮಾಡಿದವಳು ನಾನು, ಅವರ ಕೊಕ್ಕರೆ ಕಾಲಿನ ಅಕ್ಷರ ಓದಲು ಬರುತ್ತಿದ್ದದ್ದು ನನಗೊಬ್ಬಳಿಗೇ. ಆ ಮಾತು ಕೇಳಿ ಒಳಗೊಳಗೇ ಹಿಗ್ಗಿದೆ, ಸುಳ್ಳೇಕೆ ಹೇಳಲಿ. ಅದಕ್ಕಿಂತ ಹೆಚ್ಚಾಗಿ, ಓದುಗರು ಇವರನ್ನು ಮರೆತುಬಿಟ್ಟರೆ ಇವರು ಉಳಿಯುವುದಿಲ್ಲ ಅನ್ನುವ ಭಯವಿತ್ತು. ಬಂದ ಹೆಸರುಗಳನ್ನು ಜೋರಾಗಿ ಓದಿ ಹೇಳಿದರೆ ಅವರ ಮುಖದ ಎಡಭಾಗಕ್ಕೆ ಒಂದಿಷ್ಟು ಕಳೆ ಬರುತ್ತಿತ್ತು.

ಹೀಗೆ ಶುರುವಾಯಿತು. ಬೆಳಗ್ಗೆ ಅವರ ಮೈ ಒರೆಸಿ, ಗಂಜಿ ಕುಡಿಸಿ, ದಿಂಬಿಗೆ ಒರಗಿಸಿ, ಅವರ ಕುರ್ಚಿಯಲ್ಲಿ ನಾನು ಕೂರುತ್ತಿದ್ದೆ. ಮೇಜಿನ ಮೇಲೆ ಪ್ರಕಾಶಕರು ಕೊಟ್ಟ ಟ್ಯಾಬು, ಅದರ ಗಾಜಿನ ಮೇಲೆ ಬರೆಯುವ ಪೆನ್ನು. ಅದರಲ್ಲಿ ಹೆಸರುಗಳ ಪಟ್ಟಿ. ಒಂದೊಂದು ಹೆಸರಿನ ಕೆಳಗೆ, ಏನು ಬರೆಯಬೇಕು ಅಂತ ಓದುಗರು ಕೇಳಿಕೊಳ್ಳುವುದಕ್ಕೆ ಒಂದು ಪುಟ್ಟ ಚೌಕ. ಒಬ್ಬಳು ತನ್ನ ನಾಯಿಗೆ ಶುಭ ಹಾರೈಸಿ ಅನ್ನುತ್ತಿದ್ದಳು. ಇನ್ನೊಬ್ಬ ನಿಮ್ಮ ಕೊನೆಯ ಪುಸ್ತಕ ಚೆನ್ನಾಗಿಲ್ಲ, ಆದರೂ ಸಹಿ ಹಾಕಿ ಅನ್ನುತ್ತಿದ್ದ. ಎಲ್ಲರಿಗೂ ಬರೆದೆ. ನಾಯಿಗೂ ಬರೆದೆ. ಕಳಿಸು ಅಂತ ಒತ್ತಿದರೆ ಅವರ ಪುಸ್ತಕದ ಮೊದಲ ಪುಟದಲ್ಲಿ ಹೋಗಿ ಕೂರುತ್ತಿತ್ತು.

ಹೋದ ವರ್ಷ ಪ್ರಕಾಶಕರು ಹೊಸದೇನೋ ತಂದೆ ಅಂತ ಮುಖವೆಲ್ಲ ನಗುವಾಗಿ ಬಂದರು. “ಈಗ ಓದೋರು ಸಹಿ ಮೇಲೆ ಬೆರಳಿಟ್ರೆ, ಅದು ಕಣ್ಣೆದುರಿಗೇ ಬರೆದ ಹಾಗೆ ಮೂಡುತ್ತೆ ಅಕ್ಕಾ. ಯಾವ ಗೀಟು ಮೊದಲು, ಯಾವುದು ಆಮೇಲೆ, ಎಲ್ಲಾ ಹಾಗ್ಹಾಗೇ. ಲೇಖಕರು ಪಕ್ಕದಲ್ಲೇ ಕೂತು ಬರೆದ ಹಾಗಿರುತ್ತೆ.” ಒಂದನ್ನು ಒತ್ತಿ ತೋರಿಸಿದರು. ಬಿಳಿ ಪುಟದ ಮೇಲೆ ನನ್ನ ಕಳ್ಳಸಹಿ ತನ್ನಷ್ಟಕ್ಕೆ ತಾನೇ ಬರೆದುಕೊಂಡು ಹೋಯಿತು. ಅಕ್ಷರಗಳು ಬಂದವು, ಬಾಲ ಎದ್ದಿತು, ಕೊನೆಗೆ ಕೆಳಗೆ ಗೆರೆ ಸರ್ರನೆ ಹರಿಯಿತು.

“ಸದ್ಯ, ಬರೆಯೋ ಕೈ ಕಾಣಲ್ಲವಲ್ಲ” ಎಂದೆ. ಇಬ್ಬರೂ ನಕ್ಕೆವು.

ಕಾಗದದ ಕಾಲದಲ್ಲಿ ನಾವು ಮೂವರು ಮೇಜಿಗೆ ಕೂರುತ್ತಿದ್ದೆವು. ಪುಸ್ತಕ ಬಿಡುಗಡೆಯಾದ ದಿನ ಸಭಾಂಗಣದ ಹೊರಗೆ ಸಾಲು ನಿಲ್ಲುತ್ತಿತ್ತು. ಸಾಲಿನ ಬದಿಗೆ ನಾನು. ನನ್ನ ಕೆಲಸ ಬಂದವರ ಹೆಸರು ಕೇಳಿ ಚೀಟಿಯಲ್ಲಿ ಬರೆಯುವುದು, ಪುಟ ತೆರೆದು ಚೀಟಿ ಇಟ್ಟು ಇವರತ್ತ ಸರಿಸುವುದು, ತಕ್ಷಣ ಮುಂದಿನವರ ಮುಖ ನೋಡಿ ನಗುವುದು. ನಡುವೆ ಇವರು. ಇವರ ಬಲಮೊಣಕೈ ಪಕ್ಕದಲ್ಲಿ ನಮ್ಮ ಮಗಳು, ಕೈಯಲ್ಲಿ ಬ್ಲಾಟಿಂಗ್ ಪೇಪರ್ ಹಿಡಿದುಕೊಂಡು. ಇವರದು ಶಾಯಿ ಪೆನ್ನು, ಒರೆಸದಿದ್ದರೆ ಎದುರು ಪುಟಕ್ಕೆ ಮೆತ್ತಿಕೊಳ್ಳುತ್ತಿತ್ತು. ಆರನೇ ವಯಸ್ಸಿಂದ ಮದುವೆಯಾಗುವ ತನಕ ಆ ಜಾಗ ಅವಳದೇ. ಸಕ್ಕರೆ ಡಬ್ಬಿ ಎಲ್ಲಿಟ್ಟರೂ ಹುಡುಕುತ್ತಿದ್ದಳೆಂದು ಇವರು ಅವಳನ್ನು ಇರುವೆ ಅಂತ ಕರೆಯುತ್ತಿದ್ದರು. “ಇರುವೆ, ಒರೆಸು” ಅನ್ನುವುದು, ಅವಳು ಮೆಲ್ಲಗೆ ಒತ್ತುವುದು. ಪೆನ್ನು ಕಾಗದ ಮುಟ್ಟಿದಾಗಿಂದ ಎತ್ತುವ ತನಕ ಅವಳ ಕಣ್ಣು ಅಲ್ಲೇ. ನಾನು ನೋಡುತ್ತಿದ್ದದ್ದು ಜನರನ್ನು.

ಅವಳಿಗೆ ಮದುವೆಯಾಯಿತು, ಒಂದು ಗಂಡು ಮಗುವಾಯಿತು. ಒಂಬತ್ತು ತಿಂಗಳಿಗೆ ಆ ಮಗು ಹೋಯಿತು. ಜ್ವರವಿತ್ತು. ಎರಡು ದಿನ ಕಣ್ಣು ಮುಚ್ಚದೆ ಕೂತಿದ್ದವಳಿಗೆ ಮೂರನೇ ದಿನ ಮಗುವಿನ ಪಕ್ಕದಲ್ಲೇ ಜೊಂಪು ಹತ್ತಿದೆ. ಎದ್ದಾಗ ಮಗು ತಣ್ಣಗಿತ್ತು. ತಾನು ಮಲಗಿದ್ದೆ ಅನ್ನುವುದನ್ನು ಅವಳು ಗಂಡನಿಗೆ ಹೇಳಲಿಲ್ಲ, ನನಗೂ ಹೇಳಲಿಲ್ಲ. ಅಪ್ಪನಿಗೆ ಹೇಳಿದಳು. ಅಪ್ಪ ಎರಡು ವರ್ಷದ ನಂತರ ಅದನ್ನು ಕಾದಂಬರಿ ಮಾಡಿದರು. ಜೊಂಪೂ ಇತ್ತು, ತಣ್ಣಗಾದ ಮೈಯೂ ಇತ್ತು, ಹೊದಿಕೆಯ ಹಳದಿ ಬಣ್ಣ ಸಮೇತ ಇತ್ತು. ಆ ಪುಟಗಳನ್ನು ಟೈಪು ಮಾಡಿದವಳು ನಾನು. ಅಳುತ್ತ ಮಾಡಿದೆ, ಆದರೂ ಕಲ್ಪನೆಯೇ ಇರಬೇಕು ಅಂದುಕೊಂಡೆ. ಎಷ್ಟು ಚೆನ್ನಾಗಿ ಬರೆದಿದ್ದಾರೆ ಅಂತಲೂ ಅಂದುಕೊಂಡೆ. ಇದನ್ನು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಅಳಿಯ ಓದಿದ. ಅವನ ತಾಯಿ ಓದಿದರು. ಆ ಮನೆಯಲ್ಲಿ ಅವಳಿಗೆ ಇರಲಾಗಲಿಲ್ಲ. ಪುಸ್ತಕ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದು ಒಂದೇ ಒಂದು ಮಾತು ಕೇಳಿದಳು. “ನನ್ನ ಕೇಳದೆ ಬರೆದೆ, ತಪ್ಪಾಯ್ತು ಅಂತ ಹೇಳಿ ಅಪ್ಪ, ಸಾಕು.” ಇವರು ಕನ್ನಡಕ ಒರೆಸುತ್ತ, “ಬರೆಯೋನು ಯಾರನ್ನೂ ಕೇಳಿ ಬರೆಯಲ್ಲಮ್ಮ” ಅಂದರು. ಅವಳು ಒಳಗೆ ಕಾಲಿಡದೆ ಹೋದಳು.

ಒಂದು ವರ್ಷ ತಡೆದುಕೊಂಡೆ. ಆಮೇಲೆ ನಾನೊಂದು ಕೆಲಸ ಮಾಡಿದೆ. ಅಪ್ಪನಿಗೆ ಎದೆನೋವು, ಬೇಗ ಬಾ ಅಂತ ಫೋನು ಮಾಡಿದೆ. ಹೇಗಾದರೂ ಎದುರುಬದುರಾದರೆ ಎಲ್ಲ ಸರಿಹೋದೀತು ಅನ್ನುವ ಆಸೆ. ಎರಡು ಕಾಲಿಗೆ ಎರಡು ತರದ ಚಪ್ಪಲಿ ಹಾಕಿಕೊಂಡು ಓಡಿ ಬಂದಳು. ನಡುಮನೆಯಲ್ಲಿ ಇವರು ಯಾವುದೋ ಪತ್ರಿಕೆಯವರ ಎದುರು ಕಾಲಮೇಲೆ ಕಾಲು ಹಾಕಿ ಕೂತು ಅದೇ ಕಾದಂಬರಿಯ ಬಗ್ಗೆ ಹೇಳುತ್ತಿದ್ದರು. ನಿಂತು ಕೇಳಿದಳು. ನನ್ನ ಕಡೆ ಒಂದು ಸಲ ನೋಡಿದಳು. ಆ ನೋಟ ಬೇಡವೇ ಬೇಡ. ಮಾರನೇ ದಿನದಿಂದ ಅವಳ ನಂಬರು ಇಲ್ಲವಾಯಿತು, ಮನೆಯೂ ಬದಲಾಯಿತು. ಇವರು ಬಿದ್ದಾಗ ಹಳೆಯ ವಿಳಾಸಕ್ಕೆ ಬರೆದ ಕಾಗದ ವಾಪಸು ಬಂತು.

ಆಮೇಲೆ ಒಂಬತ್ತು ವರ್ಷ ಅವಳ ಸುದ್ದಿಯಿಲ್ಲ. ಹೋದ ತಿಂಗಳು ಒಂದು ಬೆಳಗ್ಗೆ ಟ್ಯಾಬು ತೆರೆದರೆ ಪಟ್ಟಿಯ ಮಧ್ಯದಲ್ಲಿ ಆ ಹೆಸರಿತ್ತು. ಇರುವೆ. ಪುಸ್ತಕ ಅದೇ ಕಾದಂಬರಿ. ಚೌಕದಲ್ಲಿ ಹೀಗಿತ್ತು: “ಕೇಳದೆ ಬರೆದೆ, ತಪ್ಪಾಯ್ತು ಅಂತ ಬರೀಲಿ. ಅಪ್ಪನೇ ಬರೆದ್ರೆ ಬರ್ತೀನಿ.”

ಟ್ಯಾಬನ್ನು ಎದೆಗವಚಿಕೊಂಡು ಇವರ ಕೋಣೆಗೆ ಹೋದೆ. ದಿಂಬು ಎತ್ತರ ಮಾಡಿ ಕೂರಿಸಿದೆ.

“ರೀ, ನಮ್ಮ ಇರುವೆ ಬರೆದಿದಾಳೆ. ಕೇಳಿಸ್ಕೊಳಿ.”

ಎರಡು ಸಲ ಓದಿದೆ. ಅವರು “ಆ” ಎಂದರು. ಎಡಗಣ್ಣಲ್ಲಿ ನೀರು ಬಂತು, ಆದರೆ ಆ ಕಣ್ಣಲ್ಲಿ ದಿನವೂ ನೀರು ಬರುತ್ತದೆ. ಸ್ವಲ್ಪ ಹೊತ್ತು ಗೋಡೆ ನೋಡಿದರು. ಆಮೇಲೆ ಎಡಗೈಯನ್ನು ಹೊದಿಕೆಯಿಂದ ಹೊರಗೆ ತಂದು ಚಾಚಿದರು. ಪೆನ್ನು ಕೊಟ್ಟೆ. ಟ್ಯಾಬನ್ನು ಅವರ ಮಡಿಲಲ್ಲಿ ಹಿಡಿದುಕೊಂಡೆ. ಹಲ್ಲು ಕಚ್ಚಿಕೊಂಡು, ಹಣೆಯಲ್ಲಿ ಬೆವರು ಒಡೆಯುವಷ್ಟು ಕಷ್ಟಪಟ್ಟು, ಎಡದಿಂದ ಬಲಕ್ಕೆ ಒಂದು ಗೆರೆ ಎಳೆದರು. ತುದಿಗೆ ಬಂದಾಗ ಕೈ ಮೇಲಕ್ಕೆ ಹಾರಿ ಪೆನ್ನು ಜಾರಿ ಬಿತ್ತು.

ಅಡ್ಡ ಗೆರೆ. ನಲವತ್ತು ವರ್ಷ ನಾನು ನೋಡಿದ ಗೆರೆ. ಟೈಪು ಮಾಡಿಕೊಟ್ಟ ಪುಟ ಬೇಡವೆನಿಸಿದರೆ ನಡುವೆ ಅಡ್ಡಕ್ಕೊಂದು ಗೆರೆ ಹಾಕಿ ನನ್ನತ್ತ ತಳ್ಳುತ್ತಿದ್ದರು, ಮಾತಿಲ್ಲ ಕತೆಯಿಲ್ಲ. ಯಾಕೆ ಅಂತ ನಾನು ಕೇಳುವಂತಿಲ್ಲ, ಮತ್ತೆ ಮೊದಲಿಂದ ಟೈಪು ಮಾಡಬೇಕು.

ನನ್ನ ಮೈಯೆಲ್ಲ ಉರಿದು ಹೋಯಿತು. “ಹಾಸಿಗೆ ಹಿಡಿದ್ರೂ ಸೊಕ್ಕು ಹೋಗ್ಲಿಲ್ವಲ್ರೀ ನಿಮ್ದು!” ಎಂದೆ. “ಮಗಳು ಬರ್ತೀನಿ ಅಂದ್ರೂ ಆಗಲ್ವಾ? ಅಷ್ಟು ದೊಡ್ಡ ಮನುಷ್ಯರಾ ನೀವು? ನಿಮ್ಮ ಮಲ ಮೂತ್ರ ಎತ್ತಿ ನನ್ನ ಕೈ ಸವೆದು ಹೋಯ್ತು. ಒಂದು ಮಾತು, ಒಂದೇ ಒಂದು ಮಾತು ಬರೆಯೋಕಾಗಲ್ವಾ?” ಅವರು ಆ, ಆ ಅನ್ನುತ್ತ ಹೊದಿಕೆಯ ಮೇಲೆ ಪೆನ್ನಿಗಾಗಿ ತಡಕಾಡುತ್ತಿದ್ದರು. ಇನ್ನೂ ಒಂದು ಗೆರೆ ಹಾಕಿ ಪೂರ್ತಿ ಹೊಡೆದು ಹಾಕುವುದಕ್ಕೆ ಅಂದುಕೊಂಡೆ. ಪೆನ್ನು ಕಿತ್ತುಕೊಂಡೆ. ಅಳಿಸು ಅಂತ ಇದ್ದ ಕಡೆ ಬೆರಳು ಒತ್ತಿದೆ. ಪುಟ ಬೆಳ್ಳಗಾಯಿತು.

ಮೇಜಿಗೆ ಬಂದು ಕೂತು ನಾನೇ ಬರೆದೆ. “ಇರುವೆಗೆ. ಕೇಳದೆ ಬರೆದೆ. ತಪ್ಪಾಯ್ತು.” ಕೆಳಗೆ ಸಹಿ, ಸಹಿಯ ಕೆಳಗೆ ಗೆರೆ. ಅಷ್ಟು ಚೆಂದದ ಸಹಿಯನ್ನು ಅದಕ್ಕೂ ಮುಂಚೆ ನಾನು ಹಾಕಿರಲಿಲ್ಲ. ಕಳಿಸಿದೆ.

ಅದೇ ಜಾಗದಲ್ಲಿ ನನ್ನ ಕೈಬರಹದಲ್ಲಿ, ಅಪ್ಪನಿಗೆ ಕೈ ಬಿದ್ದು ಹೋಗಿದೆ ಕಂದ, ಇದು ಅಮ್ಮ, ಬಾ ಅಂತ ಬರೆಯಬಹುದಿತ್ತು. ಬರೆಯಬೇಕಾದದ್ದೇ ಅದು. ಆಣೆ ಮಾಡಿ ಹೇಳುತ್ತೇನೆ, ನನಗೆ ಹೊಳೆಯಲೇ ಇಲ್ಲ. ಮೂರು ವರ್ಷ ಆ ಕುರ್ಚಿಯಲ್ಲಿ ಕೂತು ಅವರ ಮಾತನ್ನೇ ಬರೆದು ಬರೆದು, ಅಲ್ಲಿ ನನ್ನ ಮಾತೂ ಬರೆಯಬಹುದು ಅನ್ನುವುದೇ ಮರೆತುಹೋಗಿತ್ತು.

ಅವಳ ಕೋಣೆ ಗುಡಿಸಿದೆ. ಹಾಸಿಗೆಯನ್ನು ಬಿಸಿಲಿಗೆ ಹಾಕಿದೆ. ಗೇಟಿನ ಸದ್ದಾದರೆ ಕಿಟಕಿಗೆ ಓಡುತ್ತಿದ್ದೆ. ಇವರ ಜೊತೆ ಮಾತು ಬಿಟ್ಟಿದ್ದೆ. ಗಂಜಿ ಕುಡಿಸುವಾಗಲೂ ಮುಖ ನೋಡುತ್ತಿರಲಿಲ್ಲ. ಅವರು ಎಡಗೈಯನ್ನು ನನ್ನ ಸೆರಗಿನ ಕಡೆ ಚಾಚುತ್ತಿದ್ದರು, ನಾನು ಸೆರಗು ಎಳೆದುಕೊಳ್ಳುತ್ತಿದ್ದೆ. ನಾಲ್ಕನೇ ದಿನ ಬೆಳಗ್ಗೆ ಮೈ ಒರೆಸಲು ಹೋದರೆ ಆ ಕೈಯೂ ಬಿದ್ದಿತ್ತು. ಆಸ್ಪತ್ರೆಯಲ್ಲಿ ಆರು ದಿನ ಇಟ್ಟುಕೊಂಡು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂದರು. ಈಗ ಅವರಲ್ಲಿ ಆಡುವುದು ರೆಪ್ಪೆ ಮಾತ್ರ. ಅದು ಬಡಿದರೆ ಹೌದು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ, ತಾನಾಗಿ ಬಡಿಯುತ್ತದೆ ಅಷ್ಟೆ ಅಂತ ಡಾಕ್ಟರು ಹೇಳಿದ್ದಾರೆ.

ಮನೆಗೆ ಕರೆತಂದ ಮಧ್ಯಾಹ್ನ ಫೋನು ಬಂತು. ನಂಬರು ಕಾಣಿಸಲಿಲ್ಲ.

“ಅಮ್ಮ.”

ಒಂಬತ್ತು ವರ್ಷದ ಮೇಲೆ ಆ ದನಿ. “ಕಂದಾ, ಬಂತಾ? ನೋಡಿದ್ಯಾ?”

“ನೋಡಿದೆ. ಹತ್ತು ಸಲ ನೋಡಿದೆ. ಅದು ನೀನು ಬರೆದದ್ದು.”

“ಇಲ್ಲ ಕಣೆ, ಅಪ್ಪಾನೇ…”

“ಅಮ್ಮ, ಸಾಕು. ಒತ್ತಿದ್ರೆ ಬರೆದ ಹಾಗೇ ಮೂಡುತ್ತಲ್ಲ, ಗೆರೆ ಕೊನೆಗೆ ಬಂತು. ಅಪ್ಪ ಯಾವತ್ತೂ ಗೆರೆ ಕೊನೆಗೆ ಹಾಕಿದವರಲ್ಲ. ಮೊದಲು ಗೆರೆ, ಆಮೇಲೆ ಅದರ ಮೇಲೆ ಅಕ್ಷರ. ಗೆರೆ ಇಲ್ದೆ ಇದ್ರೆ ನನ್ನಕ್ಷರ ಬೀದಿಬಸವನ ಹಾಗೆ ಎಲ್ಲೆಲ್ಲೋ ಹೋಗುತ್ತೆ ಇರುವೆ ಅಂತಿದ್ರು. ಹದಿನೈದು ವರ್ಷ ಪಕ್ಕದಲ್ಲಿ ಕೂತು ಒರೆಸಿದೀನಿ. ನನಗೆ ಗೊತ್ತಾಗಲ್ವಾ?”

ಮೊದಲು ಗೆರೆ. ಹೊದಿಕೆಯ ಮೇಲೆ ಪೆನ್ನಿಗಾಗಿ ತಡಕಾಡುತ್ತಿದ್ದ ಎಡಗೈ ಕಣ್ಣೆದುರಿಗೆ ಬಂತು.

“ಒಂದು ಮಾತು ಕೇಳಿದ್ದು ನಾನು,” ಅಂದಳು ಅವಳು. “ಅದನ್ನೂ ನಿನ್ನ ಕೈಲಿ ಬರೆಸಿದ್ರಲ್ಲ.”

“ಬರೆಸಿಲ್ಲ ಕಂದಾ. ಅವರಿಗೆ ಕೈ ಇಲ್ಲ. ಮೂರು ವರ್ಷ ಆಯ್ತು ಲಕ್ವ ಹೊಡೆದು. ಮೊನ್ನೆ ಇನ್ನೊಂದು ಸಲ ಹೊಡೀತು. ಮಾತಿಲ್ಲ, ಏನೂ ಇಲ್ಲ. ಒಂದು ಸಲ ಬಂದು ನೋಡು…”

“ಹೋದ ತಿಂಗಳು ನಮ್ಮ ಆಫೀಸಲ್ಲಿ ಒಬ್ಬಳಿಗೆ ಅವಳ ನಾಯಿ ಹೆಸರು ಹಾಕಿ ಸಹಿ ಕಳಿಸಿದಾರೆ. ಹೊಸ ಪುಸ್ತಕ ಬರೀತಿದಾರೆ ಅಂತ ಪ್ರಕಾಶಕರು ಹಾಕಿದಾರೆ. ಆ ಸಲಾನೂ ನೀನು ಎದೆನೋವು ಅಂತ ಹೀಗೇ ಅಳ್ತಾ ಫೋನ್ ಮಾಡಿದ್ದೆ.”

“ಆ ನಾಯಿಗೆ ಬರೆದದ್ದೂ ನಾನೇ ಕಣೆ! ಎಲ್ಲಾ ನಾನೇ!”

ಅವಳು ಸಿಟ್ಟೂ ಇಲ್ಲದ, ದಣಿದ ದನಿಯಲ್ಲಿ ಹೇಳಿದಳು. “ಹಾಗಾದ್ರೆ ನಿನ್ನ ಯಾವ ಮಾತು ನಂಬಲಿ ಹೇಳು ಅಮ್ಮ.”

ಫೋನು ಇಟ್ಟುಬಿಟ್ಟಳು.

ಇವರ ಕೋಣೆಗೆ ಹೋದೆ. ಹಾಸಿಗೆಯ ಪಕ್ಕ ನೆಲದ ಮೇಲೆ ಕೂತು ಬಿದ್ದಿದ್ದ ಎಡಗೈಯನ್ನು ಎತ್ತಿ ನನ್ನ ಕೈಯಲ್ಲಿಟ್ಟುಕೊಂಡೆ. “ರೀ, ಅವತ್ತು ನೀವು ಸಹಿ ಹಾಕೋಕೆ ಶುರು ಮಾಡಿದ್ರಾ? ಬರೀತಿದ್ರಾ ನೀವು?” ರೆಪ್ಪೆ ಬಡಿಯಿತು. ಮತ್ತೆ ಕೇಳಿದೆ. ಮತ್ತೆ ಬಡಿಯಿತು. ಕೇಳದೆ ಸುಮ್ಮನೆ ಕೂತೆ, ಆಗಲೂ ಬಡಿಯಿತು.

ಪ್ರಕಾಶಕರಿಗೆ ಫೋನು ಮಾಡಿ, ಅಳಿಸಿದ್ದು ಎಲ್ಲಾದರೂ ಸಿಗುತ್ತದೆಯೇ ಅಂತ ಕೇಳಿದೆ. “ಕಳಿಸದೆ ಅಳಿಸಿದ್ದು ಎಲ್ಲೂ ಉಳಿಯೋದಿಲ್ಲ ಅಕ್ಕಾ” ಎಂದರು. ಕಾಗದವಾಗಿದ್ದರೆ ಹಿಂದಿನ ಹಾಳೆಗಾದರೂ ಒತ್ತಿ ಗುರುತು ಬಿದ್ದಿರುತ್ತಿತ್ತು. ಅಷ್ಟು ಬಲ ಹಾಕಿ ಎಳೆದಿದ್ದರು. ಇರುವೆ ಅನ್ನುವ ಓದುಗರ ವಿಳಾಸಕ್ಕೆ ಪ್ರಕಾಶಕರ ಕೈಯಲ್ಲಿ ಎಲ್ಲ ವಿಷಯ ಬರೆಸಿದೆ. ಉತ್ತರ ಬಂದಿಲ್ಲ. ಅದನ್ನೂ ನಂಬಿರಲಿಕ್ಕಿಲ್ಲ, ನಂಬುವಂಥದ್ದು ನಾವೇನು ಮಾಡಿದ್ದೇವೆ.

ಸಹಿ ಹಾಕುವುದನ್ನು ನಿಲ್ಲಿಸಿಬಿಡಬೇಕು ಅಂತ ದಿನವೂ ಅಂದುಕೊಳ್ಳುತ್ತೇನೆ. ನಿಲ್ಲಿಸಿದರೆ ಆ ಪಟ್ಟಿ ಬರುವುದಿಲ್ಲ, ಪಟ್ಟಿ ಬರದಿದ್ದರೆ ಅವಳ ಹೆಸರು ಇನ್ನೊಂದು ಸಲ ಬಂದರೂ ನನಗೆ ಕಾಣುವುದಿಲ್ಲ. ಅದಕ್ಕೇ ಬೆಳಗ್ಗೆ ಇವರ ಮೈ ಒರೆಸಿ ಆದ ಮೇಲೆ ಕುರ್ಚಿಗೆ ಹೋಗಿ ಕೂರುತ್ತೇನೆ. ಪಟ್ಟಿಯನ್ನು ಮೇಲಿಂದ ಕೆಳಗೆ ನೋಡುತ್ತೇನೆ. ಇರುವೆ ಇರುವುದಿಲ್ಲ. ಇದ್ದವರಿಗೆ ಬರೆಯುತ್ತೇನೆ.

ಈಗ ನಾನೂ ಮೊದಲು ಗೆರೆ ಎಳೆಯುತ್ತೇನೆ, ಎಡದಿಂದ ಬಲಕ್ಕೆ, ತುದಿ ಸ್ವಲ್ಪ ಮೇಲೆ. ಇನ್ನು ಯಾರೂ ಹಿಡಿಯಲಾರರು. ಎಳೆದ ಮೇಲೆ ಪೆನ್ನೆತ್ತಿ ಒಂದು ಗಳಿಗೆ ಸುಮ್ಮನಾಗುತ್ತೇನೆ. ಬರೀ ಗೆರೆ, ಅದರ ಮೇಲೆ ಖಾಲಿ ಪುಟ. ಅವತ್ತು ಅವರು ಇಲ್ಲಿಯವರೆಗೆ ಬಂದಿದ್ದರು.